ಎಬ್ಬಿಸೋ ಸೂಜಿಯ ಡಾಕ್ಟ್ರು

ಪಂಜರದ ಬಾಗಿಲು ತೆರೆದರೂ ಹದ್ದುಗಳು ಹೊರಗೆ ಬಾರದೆ ಇರಬಹುದು. ಬಂದರೂ ಹಾರದೆ ಇರಬಹುದು. ಹಾರಿದ ಮೇಲೆ ಪಂಪ್‌ಸೆಟ್ಟಿನ ತಂತಿಗೆ ತಗುಲಬಹುದು. ಬಂಡೆ ಸಿಡಿಸುವ ಸದ್ದಿಗೆ ಬೆದರಿ ತಾಲ್ಲೂಕನ್ನೇ ಬಿಟ್ಟು ಹೋಗಬಹುದು. ತೆಂಗಿನ ಮರದ ನೆತ್ತಿಯಲ್ಲಿ ಕಾಯಿ ಕೀಳುತ್ತಿರುವವನ ಮುಖದೆದುರು ಆಳುದ್ದದ ರೆಕ್ಕೆ ಬಿಚ್ಚಬಹುದು, ಅವನು ಹಿಡಿದದ್ದನ್ನು ಬಿಟ್ಟು ಕೈಮುಗಿಯಬಹುದು. ಯಾರದಾದರೂ ಹೆಂಚಿನ ಮೇಲೆ ಹೋಗಿ ಕೂರಬಹುದು. ಹದ್ದು ಕೂತ ಮನೆಯಲ್ಲಿ ಇರಬಾರದೆಂದು ಆ ಮನೆಯವರು ಹಾಸಿಗೆ ಸುತ್ತಿಕೊಂಡು ನಮ್ಮ ಕಚೇರಿಗೇ ಬಂದು ಇಳಿಯಬಹುದು. ಬೀದಿನಾಯಿಗಳು ಮುತ್ತಬಹುದು. ಚಿರತೆ ಬರಬಹುದು. ಗಣ್ಯರು ಬರಬಹುದು, ಅವರ ಭಾಷಣ ಮುಗಿಯುವಷ್ಟರಲ್ಲಿ ಹದ್ದುಗಳಿಗೆ ವಯಸ್ಸಾಗಬಹುದು. ರೆಕ್ಕೆಗೆ ಕಟ್ಟಿದ ನಂಬರಿನ ಬಿಲ್ಲೆ ಕಳಚಿ ಯಾರದೋ ಬಾವಿಗೆ ಬಿದ್ದು, ಆ ಬಾವಿ ಬತ್ತಿದ್ದಕ್ಕೆ ನಾನು ಉತ್ತರ ಹೇಳಬೇಕಾಗಬಹುದು.

ಇಂಥವು ನಲವತ್ತೊಂದು ಬರೆದಿದ್ದೆ. ಇನ್ನೂ ಇದ್ದವು, ಹಾಳೆ ಮುಗಿಯಿತು.

ಚಿಕ್ಕನಾಯಕನಹಳ್ಳಿಯಲ್ಲಿ ಬಾಡಿಗೆ ಮನೆಯೊಂದರ ಮುಂಭಾಗದಲ್ಲಿ ನಮ್ಮ ಯೋಜನೆಯ ಕಚೇರಿ ಇತ್ತು. ನಾನು ಅಲ್ಲಿ ಗುಮಾಸ್ತ. ಕಂದಿಕೆರೆ ಆಸುಪಾಸಿನ ಗುಡ್ಡಸಾಲಿನ ಬಂಡೆಗಳಲ್ಲಿ ಹಿಂದೆ ಗೂಡು ಕಟ್ಟಿಕೊಂಡಿದ್ದು, ನಮ್ಮ ಕಣ್ಣೆದುರೇ ಇಲ್ಲವಾದ ಉದ್ದಕೊಕ್ಕಿನ ರಣಹದ್ದನ್ನು ಮತ್ತೆ ಅಲ್ಲಿಗೆ ತಂದು ಬಿಡುವುದು ಯೋಜನೆ. ದೂರದ ಕೇಂದ್ರವೊಂದರಲ್ಲಿ ಮೊಟ್ಟೆಯೊಡೆಸಿ ಸಾಕಿದ ಆರು ಹಕ್ಕಿಗಳು ಬಂದು, ಗುಡ್ಡದ ಮೇಲಿನ ದೊಡ್ಡ ಪಂಜರದಲ್ಲಿ ತಿಂಗಳುಗಟ್ಟಲೆ ಕೂತು ಊರನ್ನು ನೋಡುತ್ತಿದ್ದವು. ಯೋಜನೆಯ ವಿಜ್ಞಾನಿ ಮೇಡಂ ಒಂದು ದಿನ ನನ್ನನ್ನು ಕರೆದು, ಏನೇನು ತಪ್ಪಾಗಬಹುದು ಎಂದು ಒಂದು ಪಟ್ಟಿ ಮಾಡಿಕೊಡಿ ಎಂದರು. ತಿಪಟೂರಿನ ಬಸ್ಸು ಹತ್ತಿ, ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಮುಂದಿನ ಸ್ಟಾಪಿನಲ್ಲಿ ಇಳಿದು ವಾಪಸ್ಸು ನಡೆಯುವ ಮನುಷ್ಯ ನಾನು. ಐವತ್ತು ವರ್ಷದಲ್ಲಿ ಮೊದಲ ಸಲ ನನ್ನ ಸ್ವಭಾವಕ್ಕೆ ತಕ್ಕ ಕೆಲಸ ಸಿಕ್ಕಿತ್ತು.

ಆ ಪಟ್ಟಿಯನ್ನು ಪೂರ್ತಿ ಓದಿದವರು ಇಬ್ಬರೇ. ಒಬ್ಬರು ಮೇಡಂ. ಇನ್ನೊಬ್ಬರು ಡಾಕ್ಟ್ರು.

ಅವರು ಕನ್ನಡಕವನ್ನು ಹಣೆಗೇರಿಸಿ, ಹಾಳೆಯನ್ನು ಮೂಗಿನ ಹತ್ತಿರ ಹಿಡಿದು, ತುಟಿ ಅಲುಗಿಸುತ್ತ ಓದಿದರು. ಕಾಯಿ ಕೀಳುವವನ ಸಾಲು ಬಂದಾಗ ನಕ್ಕರು. ಕೊನೆಗೆ ಹಾಳೆಯನ್ನು ಮೇಜಿನ ಮೇಲಿಟ್ಟು, "ಇದ್ರಲ್ಲಿ ನಾನೇ ಇಲ್ವಲ್ಲಪ್ಪ" ಎಂದರು. ಏನು ಹೇಳುತ್ತಿದ್ದಾರೆಂದು ನನಗೆ ತಿಳಿಯಲಿಲ್ಲ. ನನ್ನ ಪೆನ್ನು ಇಸಿದುಕೊಂಡು, ಎಲ್ಲಕ್ಕಿಂತ ಮೇಲೆ ಖಾಲಿ ಇದ್ದ ಅಂಚಿನಲ್ಲಿ ದಪ್ಪ ಅಕ್ಷರದಲ್ಲಿ ಬರೆದರು: ಸೂಜಿ ಬಿದ್ದ ದನ.

ಹೋದ ತಿಂಗಳು ಅವರು ತೀರಿಕೊಂಡರು. ಮಧ್ಯಾಹ್ನ ಊಟ ಮಾಡಿ, ಎಲೆಅಡಿಕೆ ಹಾಕಿಕೊಂಡು, ಜಗಲಿಯ ಮೇಲೆ ಒರಗಿದವರು ಏಳಲಿಲ್ಲ. ಮಣ್ಣಿಗೆ ಹೋಗಿ ಬಂದ ಮೇಲೆ ಆ ಪಟ್ಟಿಯನ್ನು ಹುಡುಕಿ ತೆಗೆದೆ. ಅವರ ಬಗ್ಗೆ ಬರೆಯುವುದಾದರೆ ಅಲ್ಲಿಂದಲೇ ಹೊರಡಬೇಕು ಅನ್ನಿಸಿತು.

ನಿಜಕ್ಕೂ ಅವರು ಡಾಕ್ಟರಲ್ಲ. ಪಶು ಆಸ್ಪತ್ರೆಯಲ್ಲಿ ಜಾನುವಾರು ಇನ್‌ಸ್ಪೆಕ್ಟರ್ ಆಗಿ ನಿವೃತ್ತರಾದವರು. ನಿಜವಾದ ಡಾಕ್ಟರು ವರ್ಗವಾಗಿ ಬರುತ್ತಿದ್ದರು, ಹೋಗುತ್ತಿದ್ದರು. ಇವರು ಒಂದೇ ಮೊಪೆಡ್ಡಿನಲ್ಲಿ ಗುಡ್ಡದ ಸುತ್ತಲಿನ ಹಳ್ಳಿ ಹಟ್ಟಿಗಳನ್ನೆಲ್ಲ ಸುತ್ತುತ್ತ ಮೂವತ್ತು ವರ್ಷ ಕಳೆದರು. ಯಾರ ಮನೆಗೆ ಹೋದರೂ ಮೊದಲು ಮಾತಾಡಿಸುತ್ತಿದ್ದದ್ದು ಹಸುವನ್ನು. ಅದರ ಮೂತಿಯ ಹತ್ತಿರ ಮೂಗಿಟ್ಟು ಉಸಿರು ನೋಡಿ, ಕಿವಿಯ ಬುಡ ಮುಟ್ಟಿ, ಆಮೇಲೆ ಯಜಮಾನನ ಕಡೆ ತಿರುಗಿ, "ಅದು ಹೇಳ್ತು. ಈಗ ನೀನು ಹೇಳು" ಎನ್ನುತ್ತಿದ್ದರು. ಎರಡೂ ಒಂದೇ ಆಗಿದ್ದರೆ ನಂಬುತ್ತಿದ್ದರು, ಬೇರೆಯಾದರೆ ಹಸುವನ್ನು ನಂಬುತ್ತಿದ್ದರು. ಕರು ಹಾಕಿಸಲು ಹೋದರೆ ಸೋಪು ಮುಟ್ಟುತ್ತಿರಲಿಲ್ಲ. ಆ ಮನೆಯ ಕೊಬ್ಬರಿ ಎಣ್ಣೆಯನ್ನೇ ಕೇಳಿ, ಅಂಗಿ ಕಳಚಿ, ಬಲಗೈಗೆ ಭುಜದವರೆಗೂ ಸವರಿಕೊಳ್ಳುತ್ತಿದ್ದರು. ಅದರಿಂದಲೋ ಏನೋ, ಮೈಯೆಲ್ಲ ಸುಕ್ಕುಗಟ್ಟಿದ ಮೇಲೂ ಅವರ ಬಲಗೈ ಮಾತ್ರ ಹತ್ತು ವರ್ಷ ಚಿಕ್ಕದಾಗಿ ಕಾಣುತ್ತಿತ್ತು.

ಊರವರು ಅವರನ್ನು ಎಬ್ಬಿಸೋ ಡಾಕ್ಟ್ರು ಎನ್ನುತ್ತಿದ್ದರು. ಅದಕ್ಕೆ ಕಾರಣ ಒಂದು ಸೂಜಿಮದ್ದು. ನೋವು, ಬಾವು, ಜ್ವರ ಎಲ್ಲಕ್ಕೂ ಅದೇ. ಮೂರು ದಿನದಿಂದ ಮಲಗಿದ ಹಸುವಿಗೆ ಬೆಳಿಗ್ಗೆ ಚುಚ್ಚಿದರೆ ಸಂಜೆಗೆ ಎದ್ದು ಮೇವಿಗೆ ಬಾಯಿ ಹಾಕುತ್ತಿತ್ತು. ಹೆಂಗಸರು ಅವರಿಗೆ ಕಾಫಿ ಕೊಟ್ಟು, ಮನೆಯ ಮುದುಕರಿಗೂ ಒಂದು ಚುಚ್ಚಿ ಹೋಗಿ ಎಂದು ತಮಾಷೆ ಮಾಡುತ್ತಿದ್ದರು. ಅಷ್ಟು ಒಳ್ಳೆಯ ಹೆಸರು ಆ ಸೂಜಿಗಿತ್ತು.

ಆ ವರ್ಷಗಳಲ್ಲೇ ಗುಡ್ಡದ ಹದ್ದುಗಳು ಕಡಿಮೆಯಾದದ್ದು. ಬಂಡೆಯ ಮೇಲೆ ಸುಣ್ಣ ಸುರಿದಂತೆ ಇಳಿದಿದ್ದ ಅವುಗಳ ಹಿಕ್ಕೆಯ ಗೆರೆಗಳು ಒಂದೊಂದು ಮಳೆಗೂ ತೊಳೆದುಹೋಗಿ ಬಂಡೆ ಕಪ್ಪಾಯಿತು. ದನ ಎಸೆಯುತ್ತಿದ್ದ ಮೊರಡಿಯಲ್ಲಿ ವಾಸನೆ ದಿನಗಟ್ಟಲೆ ನಿಂತಿತು. ನಾಯಿ ಹೆಚ್ಚಾದವು. ಯಾರೂ ಸೂಜಿಯನ್ನೂ ಇದನ್ನೂ ಜೋಡಿಸಿ ನೋಡಲಿಲ್ಲ, ಇವರೂ ನೋಡಲಿಲ್ಲ.

ಜೋಡಿಸಿ ತೋರಿಸಿದ್ದು ಒಂದು ತರಬೇತಿ ಶಿಬಿರ. ಶಿಬಿರದ ಊಟವನ್ನು ಅವರು ಎಂದೂ ತಪ್ಪಿಸಿಕೊಂಡವರಲ್ಲ. ಅದಕ್ಕೇ ಹೋಗುವುದು ಎಂದು ಅವರೇ ಹೇಳುತ್ತಿದ್ದರು. ಅಂದು ಪರದೆಯ ಮೇಲೆ, ಕತ್ತು ಜೋತು ಬಿದ್ದ ಒಂದು ಹದ್ದಿನ ಚಿತ್ರ ಬಂತಂತೆ. ಆ ಮದ್ದು ಮೈಯಲ್ಲಿರುವಾಗ ಸತ್ತ ದನವನ್ನು ತಿಂದರೆ ಹದ್ದಿನ ಮೂತ್ರಪಿಂಡ ನಿಂತುಹೋಗುತ್ತದೆ, ಎರಡು ಮೂರು ದಿನದಲ್ಲಿ ಸಾಯುತ್ತದೆ ಎಂದು ಮೇಷ್ಟ್ರೊಬ್ಬರು ವಿವರಿಸಿದರಂತೆ. ಪಾಯಸ ಇತ್ತು ಕಣಪ್ಪ ಅವತ್ತು, ತಿನ್ನದೆ ಎದ್ದು ಬಂದೆ ಎಂದು ಅವರು ನನಗೆ ಹೇಳಿದ್ದು ಎಷ್ಟೋ ವರ್ಷದ ಮೇಲೆ, ಪಂಜರದ ಹತ್ತಿರ ಕೂತಿದ್ದಾಗ.

ನಾನು ಸಮಾಧಾನಕ್ಕೆಂದು, ದೇಶದಲ್ಲೆಲ್ಲ ಅದೇ ಮದ್ದು ಚುಚ್ಚುತ್ತಿದ್ದರು, ನೀವೊಬ್ಬರೇ ಅಲ್ಲವಲ್ಲ ಎಂದೆ. ಅವರು ಒಂದು ಹುಲ್ಲುಕಡ್ಡಿ ಕಿತ್ತು ಹಲ್ಲಿಗೆ ಸಿಕ್ಕಿಸಿಕೊಂಡರು.

"ದೇಶಕ್ಕೆ ಚುಚ್ಚಿದೋರು ಯಾರಾದ್ರೂ ಆಗ್ಲಿ ಬುಡು. ಈ ಗುಡ್ಡಕ್ಕೆ ಚುಚ್ಚಿದೋನು ನಾನೇಯ."

ದನಕ್ಕೆ ಆ ಮದ್ದು ಕೊಡಬಾರದೆಂದು ಸರ್ಕಾರ ನಿಲ್ಲಿಸಿತು. ಮನುಷ್ಯರ ಹೆಸರಿನಲ್ಲಿ ಅಂಗಡಿಯಲ್ಲಿ ಸಿಗುತ್ತಲೇ ಇತ್ತು, ಅಲ್ಲೊಬ್ಬ ಇಲ್ಲೊಬ್ಬ ದನಕ್ಕೆ ಚುಚ್ಚುತ್ತಲೇ ಇದ್ದ. ನಮ್ಮ ಯೋಜನೆಗೆ ಇದೇ ಸೆರಗಿನ ಕೆಂಡವಾಗಿತ್ತು. ಹೊರಗೆ ಬಿಟ್ಟ ಹದ್ದು ಯಾವ ದನವನ್ನು ತಿನ್ನುತ್ತದೋ ಯಾರಿಗೆ ಗೊತ್ತು? ನಿವೃತ್ತರಾಗಿ ಮನೆಯಲ್ಲಿದ್ದ ಇವರು ಕಚೇರಿಗೆ ತಾವಾಗಿಯೇ ಬಂದು, ಗುಡ್ಡದ ಸುತ್ತ ಯಾವ ದನಕ್ಕೆ ಯಾವ ಮದ್ದು ಹೋಗಿದೆ ಅಂತ ನೋಡ್ಕೊಳ್ಳೋದು ನನಗೆ ಬಿಡಿ ಎಂದು ಮೇಡಂ ಎದುರು ನಿಂತರು. ಸಂಬಳದ ಮಾತೆತ್ತಿದರೆ ಮೊಪೆಡ್ಡಿಗೆ ಪೆಟ್ರೋಲು ಹಾಕಿಸಿ ಸಾಕು ಎಂದರು.

ಅವರ ಮೊದಲ ಉಪಾಯ ಕೆಂಪು ದಾರ. ನೋವಿನ ಮದ್ದು ಬಿದ್ದ ದನದ ಕೊಂಬಿಗೋ ಕತ್ತಿಗೋ ಕೆಂಪು ದಾರ ಕಟ್ಟುವುದು. ದಾರ ಇರುವ ದನ ಸತ್ತರೆ ಹೂಳುವುದು. ಒಂದು ತಿಂಗಳಿನೊಳಗೆ ಗುಡ್ಡದ ಸುತ್ತಲಿನ ದನಗಳೆಲ್ಲ ಕೆಂಪು ದಾರದಲ್ಲಿ ಮೆರೆಯತೊಡಗಿದವು. ಡಾಕ್ಟ್ರ ಕೈಯ ದಾರ ದೃಷ್ಟಿಗೆ ಒಳ್ಳೆಯದು ಎಂದು ಸುದ್ದಿಯಾಗಿತ್ತು. ಕಾಯಿಲೆ ಇಲ್ಲದವಕ್ಕೂ ಕಟ್ಟಿದರು, ಆಡಿಗೆ ಕಟ್ಟಿದರು, ಹೊಸ ಆಟೋ ಒಂದರ ಕನ್ನಡಿಗೂ ಕಟ್ಟಿದ್ದನ್ನು ನಾನೇ ಹುಳಿಯಾರಿನಲ್ಲಿ ನೋಡಿದೆ. ಅದನ್ನು ಹೇಳಿದಾಗ ಡಾಕ್ಟ್ರು, ಆ ಆಟೋ ಸತ್ತರೆ ಹದ್ದಿಗೆ ಹಾಕಬೇಡಿ ಎಂದಷ್ಟೇ ಹೇಳಿ ದಾರದ ಉಂಡೆಯನ್ನು ನನ್ನ ಮೇಜಿನ ಖಾನೆಗೆ ಎಸೆದರು.

ಎರಡನೆಯ ಉಪಾಯ ಅವರಿಗೆ ಮಾತ್ರ ಹೊಳೆಯುವಂಥದ್ದು. ಏನು ಮದ್ದು ಕೊಟ್ಟಿರಿ ಎಂದು ಕೇಳಿದರೆ ಯಾರೂ ನಿಜ ಹೇಳುವುದಿಲ್ಲ. ಹಾಗಾಗಿ ಮದ್ದಿನ ಮಾತನ್ನೇ ಅವರು ಬಿಟ್ಟುಬಿಟ್ಟರು. ದನ ಸತ್ತ ಮನೆಗೆ ಹೋಗಿ, ಗಂಡಸರನ್ನು ದಾಟಿ, ಸಗಣಿ ಬಾಚುವ ಹೆಂಗಸನ್ನು ಹುಡುಕಿ, ಒಂದೇ ಪ್ರಶ್ನೆ ಕೇಳುತ್ತಿದ್ದರು: "ಸಾಯೋಕ್ ಮುಂಚೆ ಒಂದ್ಸಲ ಎದ್ದಿತ್ತೇನವ್ವ?" ಮಲಗಿದ ದನ ಇದ್ದಕ್ಕಿದ್ದಂತೆ ಎದ್ದು ಮೇವು ತಿಂದು, ಆಮೇಲೆ ಸತ್ತಿದ್ದರೆ ಯಾರೋ ಎಬ್ಬಿಸೋ ಸೂಜಿ ಹಾಕಿದ್ದಾರೆಂದೇ ಲೆಕ್ಕ. ಏಳದೆ ಸತ್ತಿದ್ದರೆ ಹದ್ದಿಗೆ ಆಗುತ್ತದೆ. ಮೇಡಂ ಇದನ್ನು ಕೇಳಿ ಮೊದಲು ನಕ್ಕರು. ಆಮೇಲೆ, ಇವರು ಆಗುತ್ತದೆ ಎಂದ ದನಗಳ ಈಲಿಯ, ಅಂದರೆ ಯಕೃತ್ತಿನ, ಚೂರನ್ನು ಪರೀಕ್ಷೆಗೆ ಕಳಿಸಿ ಕಳಿಸಿ, ಪ್ರತಿ ಸಲವೂ ಶುದ್ಧವೆಂದೇ ವರದಿ ಬರತೊಡಗಿದ ಮೇಲೆ ನಗುವುದನ್ನು ನಿಲ್ಲಿಸಿದರು.

ಇಷ್ಟಾದರೂ ದನ ಸುಲಭಕ್ಕೆ ಸಿಗುತ್ತಿರಲಿಲ್ಲ. ನಮ್ಮ ಕಡೆ ಈಗ ಸತ್ತ ದನವನ್ನು ಎಸೆಯುವವರು ಯಾರು? ತೋಟದ ಸಾಲಿನಲ್ಲಿ ಗುಂಡಿ ತೆಗೆದು, ಉಪ್ಪು ಸುರಿದು ಹೂಳುತ್ತಾರೆ. ಒಂದೆರಡು ವರ್ಷಕ್ಕೆ ಸುತ್ತಲಿನ ಮರಗಳು ಗೊನೆ ತೂಗುತ್ತವೆ. ಆ ಮರಕ್ಕೆ ದನದ ಹೆಸರೇ ನಿಲ್ಲುತ್ತದೆ. ಇದು ಗೌರಿ ಮರ, ಇದು ಕೆಂದನ ಮರ ಎಂದು ಮನೆಯವರು ತೋರಿಸುತ್ತಾರೆ. ಅಂಥವರ ಮುಂದೆ ನಿಂತು ನಿಮ್ಮ ಸತ್ತ ಹಸು ಕೊಡಿ ಎಂದರೆ ಒಂದು ಮರ ಕೊಡಿ ಎಂದಂತೆಯೇ. ಡಾಕ್ಟ್ರು ಹಟ್ಟಿಗಳ ಕುರಿಯವರನ್ನು ಒಪ್ಪಿಸಿ, ಒಂದು ದನಕ್ಕೆ ಬದಲಾಗಿ ಒಂದು ಟ್ರ್ಯಾಕ್ಟರ್ ಕುರಿಗೊಬ್ಬರ ಎಂದು ಏರ್ಪಾಡು ಮಾಡಿದರು. ಕುರಿಯವರ ಮಂದೆಗೆ ಹುಳದ ಮದ್ದು ಕುಡಿಸುವ ಕೆಲಸವನ್ನು ಪ್ರತಿಯಾಗಿ ತಾವೇ ಹೊತ್ತುಕೊಂಡರು.

ಅವರ ಮಂಡಿನೋವಿನ ಕಥೆಯನ್ನೂ ಇಲ್ಲೇ ಹೇಳಿಬಿಡಬೇಕು. ಗುಡ್ಡ ಹತ್ತಿ ಇಳಿದು ಅವರ ಮಂಡಿ ಊದಿಕೊಂಡಿತ್ತು. ತುರುವೇಕೆರೆಯ ಡಾಕ್ಟರೊಬ್ಬರು ಮಾತ್ರೆ ಬರೆದುಕೊಟ್ಟರು. ಇವರು ಅದರ ಹಿಂಬದಿಯ ಸಣ್ಣ ಅಕ್ಷರವನ್ನು ಕನ್ನಡಕ ಹಣೆಗೇರಿಸಿ ಓದಿ, ಅದೇ ಮದ್ದು ಎಂದು ಗೊತ್ತಾಗಿ, ಅಂಗಡಿಗೆ ವಾಪಸ್ಸು ಕೊಟ್ಟು ಬಂದರು. ಮನುಷ್ಯರಿಗೆ ಅದು ಏನೂ ಮಾಡುವುದಿಲ್ಲ, ನಿಮ್ಮನ್ನೇನು ಹದ್ದಿಗೆ ಹಾಕುತ್ತೇವೆಯೇ ಎಂದು ನಾನು ಕೇಳಿದೆ. "ಹೇಳೋಕಾಗಲ್ಲ ಕಣಪ್ಪ, ದಾರಿ ಮುಚ್ಕೋಬಾರ್ದು" ಎಂದರು. ಕೊನೆಯವರೆಗೂ ಮಂಡಿಗೆ ಕೊಬ್ಬರಿ ಎಣ್ಣೆಯೇ.

ಪಂಜರದ ಬಾಗಿಲು ತೆಗೆದ ದಿನ ಪುಣ್ಯಕ್ಕೆ ಗಣ್ಯರು ಬರಲಿಲ್ಲ. ಬಾಗಿಲ ಮುಂದಿನ ಬಂಡೆಯ ಮೇಲೆ, ಪರೀಕ್ಷೆ ಮಾಡಿಸಿ ತಂದ ಆಡಿನ ಮಾಂಸ ಇಟ್ಟಿದ್ದೆವು. ಹದ್ದುಗಳು ಕಂಬಳಿ ಹೊದ್ದು ಕೂತ ಹಿರಿಯರಂತೆ ಒಳಗೇ ಕೂತು ನಮ್ಮನ್ನು ನೋಡಿದವು. ಮರುದಿನವೂ ನೋಡಿದವು. ಪಟ್ಟಿಯ ಮೊದಲ ಬಾಬತ್ತು ನಿಜವಾಗುವಂತಿದೆ ಎಂದು ನಾನು ಅದರ ಕೆಳಗೆ ಗೆರೆ ಎಳೆದೆ. ಇಡೀ ದನ ಬೇಕು, ಅದರ ಮೇಲೆ ಕಾಗೆ ಮುತ್ತಬೇಕು, ಆಗ ಇವಕ್ಕೆ ಧೈರ್ಯ ಬರುತ್ತದೆ ಎಂದರು ಮೇಡಂ.

ಮೂರನೆಯ ಬೆಳಿಗ್ಗೆ ಗುಡ್ಡದ ಬುಡದ ತೋಟದ ಮನೆಯಲ್ಲಿ ಒಂದು ಮುದಿ ಹಸು ಸತ್ತಿತು. ಡಾಕ್ಟ್ರು ಹೋದರು. ಸಗಣಿ ಬಾಚುವ ಸೊಸೆ ತವರಿಗೆ ಹೋಗಿದ್ದಳು. ಹೆಂಗಸರಿಲ್ಲದ್ದರಿಂದ ಯಜಮಾನರನ್ನೇ ಕೇಳಿದರು. ಇಲ್ಲ, ಮಲಗಿದ್ದು ಮಲಗಿದ ಹಾಗೇ ಹೋಯಿತು ಎಂದರು ಯಜಮಾನರು. ಆಮೇಲೆ ಗುಂಡಿ ತೆಗೆಯಲು ಬಂದಿದ್ದ ಆಳನ್ನು ವಾಪಸ್ಸು ಕಳಿಸುತ್ತ, "ಕುರಿಗೊಬ್ಬರದ ಮರಕ್ಕೆ ಏನಂತ ಹೆಸ್ರಿಡಾನ ಡಾಕ್ಟ್ರೆ?" ಎಂದು ಕೇಳಿದರು. ಹದ್ದು ಅಂತ ಇಡು ಎಂದರಂತೆ ಇವರು.

ಪರೀಕ್ಷೆಯ ವರದಿಗೆ ಒಂದು ವಾರವಾದರೂ ಬೇಕು. ಅಷ್ಟರಲ್ಲಿ ಹಸು ಕೊಳೆಯುತ್ತದೆ. ಮೇಡಂ ಡಾಕ್ಟ್ರ ಮುಖ ನೋಡಿ, ನೀವು ಹೇಳಿದರೆ ಹಾಕುತ್ತೇನೆ ಎಂದರು. ಹಾಕಿ, ನನ್ನ ಮಾತು ಎಂದರು ಇವರು.

ಹಸುವನ್ನು ಬಂಡೆಯ ಮೇಲೆ ಹಾಕಿದ ಗಳಿಗೆಗೆ ಕಾಗೆಗಳು ಬಂದವು. ಕಾಗೆಗಳ ಗಲಾಟೆಗೆ ಮೊದಲ ಹದ್ದು ಪಂಜರದ ಹೊಸಲು ದಾಟಿತು. ಅದರ ಹಿಂದೆ ಇನ್ನೊಂದು. ಮಧ್ಯಾಹ್ನದೊಳಗೆ ಆರೂ ಹೊರಗಿದ್ದವು. ತಿಂದು, ಎದೆಯ ಚೀಲ ಉಬ್ಬಿಸಿಕೊಂಡು, ಏಳಲಾರದೆ ಬಂಡೆಯ ಅಂಚಿಗೆ ಹೋಗಿ ಕೂತವು. ಮೇಡಂ ಅತ್ತರು. ನಾನು ಪಟ್ಟಿಯಲ್ಲಿ ಎರಡು ಸಾಲು ಹೊಡೆದುಹಾಕಿದೆ.

ತವರಿನಿಂದ ಸೊಸೆ ಬಂದದ್ದು ಮಾರನೆಯ ದಿನ. ಗೊಬ್ಬರದ ಟ್ರ್ಯಾಕ್ಟರಿನ ಜೊತೆ ಹೋಗಿದ್ದ ಡಾಕ್ಟ್ರು ಅಭ್ಯಾಸಬಲದಿಂದ ಅವಳನ್ನೂ ಕೇಳಿದರು. ಅವಳು ಬುಟ್ಟಿ ಕೆಳಗಿಡದೆಯೇ ಹೇಳಿದಳು:

"ಎದ್ದಿತ್ತಲ್ಲ. ನಾನು ಊರಿಗೋಗೋ ದಿನ ಬೆಳಿಗ್ಗೆ ಎದ್ದು ಒಂದ್ ಹಿಡಿ ಹುಲ್ಲು ತಿಂತು. ಮಾವ ತೋಟದಾಗಿದ್ರು, ಅವ್ರಿಗೇನ್ ಗೊತ್ತು?"

ಅವರು ಗುಡ್ಡ ಹತ್ತಿ ಬಂದದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಮಂಡಿಯನ್ನು ಹಿಡಿದುಕೊಳ್ಳದೆ, ನಿಲ್ಲದೆ ಬಂದರು. ತೆಂಗಿನ ಗರಿ ಹೊದಿಸಿದ ನಮ್ಮ ಮರೆಚಪ್ಪರದೊಳಗೆ ನುಸುಳಿ, ದುರ್ಬೀನು ಕಿತ್ತುಕೊಂಡು ಹದ್ದುಗಳನ್ನು ನೋಡಿದರು. ಆಮೇಲೆ ನಡೆದದ್ದನ್ನು ಹೇಳಿದರು. ಯಜಮಾನರನ್ನು ಬೈಯಲಿಲ್ಲ. ಗಂಡಸರನ್ನು ಕೇಳಬಾರದು ಅಂತ ನಾನೇ ಮಾಡಿದ ನಿಯಮ, ನಾನೇ ಮುರಿದೆ ಎಂದರು. ಆಸೆಗೆ ಬಿದ್ದುಬಿಟ್ಟೆ ಎಂದರು. ಅನಾಹುತಗಳನ್ನು ಮುಂಚೆಯೇ ಊಹಿಸುವುದರಲ್ಲಿ ನಾನು ನಿಪುಣನೇ ಹೊರತು, ಎದುರಿಗೆ ಬಂದು ಕೂತ ಒಂದನ್ನು ಮಾತಾಡಿಸಿ ಗೊತ್ತಿರಲಿಲ್ಲ.

ಮಾಡುವಂಥದ್ದು ಏನೂ ಇರಲಿಲ್ಲ. ಹಕ್ಕಿಗಳು ತಿಂದಾಗಿತ್ತು. ಸಾಯುವುದಿದ್ದರೆ ಎರಡು ಮೂರು ದಿನದಲ್ಲಿ ಸಾಯುತ್ತವೆ, ಮೊದಲು ಕತ್ತು ಜೋಲುತ್ತದೆ. ಕಾಯುವುದೊಂದೇ ಉಳಿದಿತ್ತು. ಡಾಕ್ಟ್ರು ಚಪ್ಪರ ಬಿಟ್ಟು ಕದಲಲಿಲ್ಲ. ಅವರ ಹೆಂಡತಿ ಕಳಿಸಿದ ಮುದ್ದೆಯನ್ನು ನಾನೇ ತಿಂದೆ. ಭಯವಾದಾಗ ನನಗೆ ಹಸಿವು ಹೆಚ್ಚು. ಒಂದು ಹಕ್ಕಿ, ರೆಕ್ಕೆಯ ಬಿಲ್ಲೆಯ ಮೇಲೆ ನಾಲ್ಕು ಎಂದು ಬರೆದದ್ದು, ಎರಡನೆಯ ಮಧ್ಯಾಹ್ನ ಕತ್ತು ಇಳಿಬಿಟ್ಟಿತು. ಬಿಸಿಲಿಗೂ ಹಾಗೆ ಮಾಡುತ್ತವೆ ಎಂದರು ಮೇಡಂ, ತಮ್ಮ ಮಾತನ್ನು ತಾವೇ ನಂಬದವರ ದನಿಯಲ್ಲಿ. ಡಾಕ್ಟ್ರು ದುರ್ಬೀನು ಇಳಿಸಲೇ ಇಲ್ಲ. ಸಂಜೆ ತಂಪಿಗೆ ಅದು ಕತ್ತೆತ್ತಿತು. ಆಗ ಅವರು ನನ್ನ ಕಡೆ ತಿರುಗದೆ ಹೇಳಿದರು:

"ಒಂದ್ಸಲ ಗೊತ್ತಿಲ್ದೆ ಕೊಂದೆ. ಅದ್ನ ಹೆಂಗೋ ನುಂಗ್ಕೊಂಡಿದೀನಿ. ಇನ್ನೊಂದ್ಸಲ ಆದ್ರೆ ನಾನು ಯಾವ ಹಸಿನ್ ಮಕ ನೋಡ್ಲಪ್ಪ?"

ಮೂರನೆಯ ದಿನ ಬಿಸಿಲು ಏರುವ ಹೊತ್ತಿಗೆ ಗುಡ್ಡದ ಕೆಳಗಿನಿಂದ ಯಾರೋ ಕೂಗಿದರು. ಅದೇ ಸೊಸೆ. ಮನೆಯ ಇನ್ನೊಂದು ಹಸುವಿಗೆ ನೋವು ಶುರುವಾಗಿ ರಾತ್ರಿಯಾಗಿ ಬೆಳಗಾಯಿತು, ಕರು ಬರುತ್ತಿಲ್ಲ, ಆಸ್ಪತ್ರೆಯ ಡಾಕ್ಟರು ಮೀಟಿಂಗಿಗೆ ಹೋಗಿದ್ದಾರೆ ಎಂದಳು. ಡಾಕ್ಟ್ರು ಹದ್ದುಗಳನ್ನೊಮ್ಮೆ ನೋಡಿದರು. ಅವಳನ್ನೊಮ್ಮೆ ನೋಡಿದರು. ದುರ್ಬೀನನ್ನು ನನ್ನ ಕೊರಳಿಗೆ ಹಾಕಿ, ಕಣ್ಣು ಮುಚ್ಚಬೇಡ, ನಿನಗೆ ಆ ಚಾಳಿ ಐತೆ ಎಂದು ಹೇಳಿ ಇಳಿದು ಹೋದರು.

ಚಾಳಿ ಇರುವುದು ನಿಜ. ಮಕ್ಕಳ ಪರೀಕ್ಷೆಯ ಫಲಿತಾಂಶವನ್ನೂ ಹೆಂಡತಿಗೆ ನೋಡಲು ಹೇಳಿ ನಾನು ಹಿತ್ತಲಲ್ಲಿ ನಿಲ್ಲುವವನು. ಆದರೆ ಅಂದು ಮುಚ್ಚಲಿಲ್ಲ.

ಬಂಡೆ ಕಾದು ಗಾಳಿ ಮೇಲೇಳುವ ಹೊತ್ತು. ನಾಲ್ಕನೆಯ ನಂಬರಿನ ಹಕ್ಕಿ ಅಂಚಿನವರೆಗೂ ಕುಪ್ಪಳಿಸಿ ಹೋಯಿತು. ರೆಕ್ಕೆ ಬಿಚ್ಚಿತು, ಮುಚ್ಚಿತು, ಮತ್ತೆ ಬಿಚ್ಚಿತು. ಆಮೇಲೆ ಸುಮ್ಮನೆ ಮುಂದಕ್ಕೆ ಬಿದ್ದಿತು. ಬಂಡೆಯ ಕೆಳಗಿನಿಂದ ಅದು ಮೇಲೆ ಬಂದಾಗ ಎರಡು ಸಲ ಮಾತ್ರ ರೆಕ್ಕೆ ಬಡಿದಿತ್ತು; ಆಮೇಲೆ ಬಡಿಯಲೇ ಇಲ್ಲ. ಯಾರೋ ಮೇಲಿನಿಂದ ದಾರ ಕಟ್ಟಿ ಎಳೆದುಕೊಳ್ಳುತ್ತಿರುವಂತೆ ಸುತ್ತಿ ಸುತ್ತಿ ಏರಿತು. ತೋಟಗಳ ಮೇಲೆ ಒಂದು ಸುತ್ತು ಬಂದು, ಬೋರನಕಣಿವೆಯ ನೀರು ಹೊಳೆಯುವ ಕಡೆಗೆ ತಿರುಗಿತು. ಅದು ಚುಕ್ಕೆಯಾಗುವಷ್ಟರಲ್ಲಿ ಇನ್ನೆರಡು ಅದರ ಹಿಂದೆ ಹೊರಟಿದ್ದವು. ಮಧ್ಯಾಹ್ನದೊಳಗೆ ಆರೂ ಗಾಳಿಯಲ್ಲಿದ್ದವು. ಯಾವುದರ ಕತ್ತೂ ಜೋಲಲಿಲ್ಲ, ಅಂದೂ ಇಲ್ಲ, ಮಾರನೆಯ ದಿನವೂ ಇಲ್ಲ.

ಒಂಬತ್ತು ದಿನದ ಮೇಲೆ ವರದಿ ಬಂತು. ಹಸುವಿನ ಈಲಿಯಲ್ಲಿ ಏನೂ ಇರಲಿಲ್ಲ.

ಈಗ ಆ ಬಂಡೆಯ ಮೇಲೆ ಮತ್ತೆ ಸುಣ್ಣದ ಗೆರೆಗಳು ಇಳಿದಿವೆ. ತೋಟದ ಮನೆಯ ಯಜಮಾನರು ಬಂದವರಿಗೆಲ್ಲ ಹದ್ದಿನ ಮರ ತೋರಿಸುತ್ತಾರೆ. ನನ್ನ ಪಟ್ಟಿಯಲ್ಲಿ ಬರೆದದ್ದರಲ್ಲಿ ಒಂದೂ ಆಗಲಿಲ್ಲ. ಯಾರೂ ಮರದಿಂದ ಬೀಳಲಿಲ್ಲ, ಯಾರೂ ಹಾಸಿಗೆ ಸುತ್ತಿಕೊಂಡು ಕಚೇರಿಗೆ ಬರಲಿಲ್ಲ, ಬಾವಿಗಳು ಬತ್ತಿದ್ದಕ್ಕೆ ನನ್ನನ್ನು ಯಾರೂ ಕೇಳಲಿಲ್ಲ. ಮೇಲಿನ ಅಂಚಿನಲ್ಲಿ ದಪ್ಪ ಅಕ್ಷರದಲ್ಲಿ ಅವರು ಬರೆದದ್ದೂ ಆಗಲಿಲ್ಲ. ಅವರು ಹಗುರವಾಗಿ ಹೋದರು. ಜಗಲಿಯ ಮೇಲೆ ಮಲಗಿದ್ದ ಆ ಮುಖ ನೋಡಿದಾಗ ನನಗೆ ದುಃಖದ ಜೊತೆಗೆ, ಹೇಳಲು ಸಂಕೋಚ, ಒಂದು ನಿರಾಳವೂ ಆಯಿತು.

ಪಟ್ಟಿಯಲ್ಲಿಲ್ಲದ್ದು ಮಾತ್ರ ಒಂದೇ ಒಂದು ಆಯಿತು, ಸಣ್ಣದು.

ಅಂದು ನಾಲ್ಕನೆಯ ನಂಬರಿನ ಹಕ್ಕಿ ಚುಕ್ಕೆಯಾದೊಡನೆ ನಾನು ಗುಡ್ಡದಿಂದ ಓಡಿ ಇಳಿದೆ. ಎಡವಿ ಬಿದ್ದರೆ ಎಂಬ ಯೋಚನೆಯೇ ಬರಲಿಲ್ಲ ಎಂದರೆ ನನ್ನ ಹೆಂಡತಿ ಇಂದಿಗೂ ನಂಬುವುದಿಲ್ಲ. ಕೊಟ್ಟಿಗೆಯಲ್ಲಿ ಡಾಕ್ಟ್ರು ಬನಿಯನ್ನಿನಲ್ಲಿ, ಬಾಗಿಲಿಗೆ ಬೆನ್ನು ಮಾಡಿ, ಹಸುವಿನ ಹಿಂದೆ ಮಂಡಿಯೂರಿ ಕೂತಿದ್ದರು. ಬಲಗೈ ಭುಜದವರೆಗೂ ಒಳಗಿತ್ತು. ಅಡ್ಡ ತಿರುಗಿದ್ದ ಕರುವಿನ ಮುಂಗಾಲನ್ನು ನೇರ ಮಾಡುತ್ತಿದ್ದರು. ಸೊಸೆ ಹಸುವಿನ ಕೊಂಬು ಹಿಡಿದುಕೊಂಡು ಅವರ ಯಾವುದೋ ಪ್ರಶ್ನೆಗೆ ರೇಗುತ್ತಿದ್ದಳು.

"ಎಷ್ಟ್ ಸಲ ಕೇಳ್ತೀರಿ ಡಾಕ್ಟ್ರೆ? ಯಾರೂ ಬಂದಿಲ್ಲ, ಯಾರೂ ಚುಚ್ಚಿಲ್ಲ. ಅದ್ಕೆ ಏಳ್ಬೇಕು ಅನ್ನಿಸ್ತು, ಎದ್ದಿತ್ತು. ಯಾಕೆ, ನಿಮ್ ಸೂಜಿ ಇಲ್ದೆ ದನ ತಾನಾಗೇ ಏಳಂಗಿಲ್ವಾ?"

ನಾನು ಬಾಗಿಲಲ್ಲಿ ನಿಂತು, ಹಾರಿತು ಎಂದೆ.

ಓ ಅದಾ ಎಂದಳು ಸೊಸೆ. ಈಗತಾನೆ ಅಂಗಳದಲ್ಲಿ ಭಾರೀ ದೊಡ್ಡ ನೆರಳೊಂದು ಹಾದುಹೋಯಿತು, ಹೊರಗೆ ಹೋಗಿ ನೋಡಿ ಎಂದು ತಾನು ಹೇಳಿದರೆ, ಕೈ ಒಳಗೈತೆ ಸುಮ್ಕಿರವ್ವ ಅಂತ ಬೈದರು ಎಂದು ನನಗೆ ದೂರು ಹೇಳಿದಳು.

ಕರು ಬಂತು. ಒದ್ದೆ ಕಿವಿ ಕೊಡವಿ ಉಸಿರಾಡಿತು. ಡಾಕ್ಟ್ರು ಅದರ ಮೂಗು ಒರೆಸಿ, ತಾಯಿಯ ಮೂತಿಯ ಹತ್ತಿರ ಎಳೆದು ಹಾಕಿ, ಅಂಗಳಕ್ಕೆ ಬಂದು ನಿಂತರು. ಎಣ್ಣೆ ಹಚ್ಚಿದ ತೋಳು ಬಿಸಿಲಿಗೆ ಮಿರುಗುತ್ತಿತ್ತು. ತೆಂಗಿನ ಗರಿಗಳ ನಡುವಿನ ಆಕಾಶವನ್ನು ಮೂಲೆಯಿಂದ ಮೂಲೆಗೆ ಹುಡುಕಿದರು. ಏನೂ ಇರಲಿಲ್ಲ. ರೆಕ್ಕೆ ಎಷ್ಟು ಸಲ ಬಡಿಯಿತು ಎಂದು ಕೇಳಿದರು. ಎರಡೇ ಸಲ ಎಂದೆ. ತಲೆ ಹೇಗೆ ಹಿಡಿದಿತ್ತು ಎಂದರು. ಎತ್ತಿ ಹಿಡಿದಿತ್ತು ಎಂದೆ.

ಆಮೇಲೆ ಅವರು ಆ ಹಕ್ಕಿಗಳು ಹಾರುವುದನ್ನು ಬೇಕಾದಷ್ಟು ಸಲ ನೋಡಿದರು, ವರ್ಷಗಟ್ಟಲೆ ನೋಡಿದರು. ಆದರೆ ಅದು ಸಮಾಧಾನವಾಗಲಿಲ್ಲ. ಧಾರೆ ಮುಗಿದ ಮೇಲೆ ಊಟಕ್ಕೆ ಹೋದವನ ಹಾಗೆ ಎನ್ನುತ್ತಿದ್ದರು. ಮೊದಲ ಸಲ ಹಾರಿದ್ದನ್ನು ಹೇಳು ಎಂದು ನನ್ನಿಂದ ಹೇಳಿಸಿಕೊಳ್ಳುತ್ತಿದ್ದರು.

ಅಂದು ಮಾತ್ರ ಅವರು ಖಾಲಿ ಆಕಾಶದಿಂದ ಕಣ್ಣು ಕಿತ್ತು, ಕೊಟ್ಟಿಗೆಯ ಕಡೆ ತಿರುಗಿ, ನಾಲ್ಕು ಕಾಲನ್ನೂ ನಾಲ್ಕು ದಿಕ್ಕಿಗೆ ಹಾಕಿ ಏಳಲು ಹೆಣಗುತ್ತಿದ್ದ ಕರುವನ್ನು ಬಹಳ ಹೊತ್ತು ದಿಟ್ಟಿಸಿದರು.

"ಹದ್ದು ಹಾರಿದ್ ಬಿಟ್ಟು ಎಳ್ದಿದ್ದು, ಅದೂ ಹಾಲಿಗಾಗ್ದಿರೋ ಹೋರಿಗರ ಕಣಪ್ಪ" ಎಂದರು.